ಭಾರತೀಯ ಚಲನಚಿತ್ರಗಳಲ್ಲಿ ದಾದಿ: ಆರೈಕೆ, ಅನುರಾಗ ಮತ್ತು ದುಡಿಮೆ

ರೋಗಿಯ ಹಾಸಿಗೆಯ ಬಳಿ ನಿಂತಿರುವ ಹೆಣ್ಣನ್ನು ಕರೆಯಲು ಕನ್ನಡದಲ್ಲಿ ಬಳಕೆಯಲ್ಲಿರುವ ಹೆಸರುಗಳು ಒಂದರೊಡನೊಂದು ಸುಲಭವಾಗಿ ಹೊಂದುವುದಿಲ್ಲ. 'ದಾದಿ' ಎಂಬುದು 'ಧಾತ್ರಿ'ಯ ತದ್ಭವ. ಅದರಲ್ಲಿ ಪರರ ಮಗುವಿಗೆ ಮೊಲೆಯೂಡಿ ಸಾಕುವವಳ, ಮನೆಯೊಳಗಿನ ಸೇವಕಿಯ ನೆನಪು ಉಳಿದಿದೆ. 'ಶುಶ್ರೂಷಕಿ' ಗ್ರಾಂಥಿಕವಾದುದು. ಶುಶ್ರೂಷೆ ಎಂಬ ಸಂಸ್ಕೃತ ಪದದ ಮೂಲಾರ್ಥ ಕೇಳಬೇಕೆಂಬ ಇಚ್ಛೆ. ಕೇಳುವಿಕೆಯಿಂದ ವಿಧೇಯತೆಗೆ, ವಿಧೇಯತೆಯಿಂದ ಸೇವೆಗೆ ಅದರ ಅರ್ಥ ಸರಿದು ಬಂದಿದೆ. 'ಸಿಸ್ಟರ್' ಕ್ರೈಸ್ತ ಸನ್ಯಾಸಿನಿಯರ ಬಳಗದಿಂದ ಬಂದ ಸಂಬೋಧನೆ. ಇವುಗಳ ನಡುವೆ 'ನರ್ಸ್' ಎಂಬ ಇಂಗ್ಲಿಷ್ ಪದವೊಂದೇ ಕನ್ನಡ ಕಿವಿಗೆ ತರಬೇತಿ, ಪಾಳಿ, ಸಂಬಳಗಳಿರುವ ಉದ್ಯೋಗವೊಂದನ್ನು ಸೂಚಿಸುತ್ತದೆ. ಉಳಿದ ಮೂರೂ ಆಕೆಯನ್ನು ಯಾರದೋ ತಾಯಿಯಾಗಿ, ಯಾರದೋ ಆಜ್ಞಾಧಾರಕಳಾಗಿ, ಯಾರದೋ ಸೋದರಿಯಾಗಿ ಕಾಣುತ್ತವೆ. ಭಾರತೀಯ ಚಲನಚಿತ್ರ ದಾದಿಯನ್ನು ಕಂಡ ಬಗೆಯನ್ನು ಈ ಶಬ್ದಗಳ ಇಕ್ಕಟ್ಟಿನಿಂದಲೇ ವಿವೇಚಿಸಲು ತೊಡಗುವುದು ಯುಕ್ತ. ಏಕೆಂದರೆ ತೆರೆಯ ಮೇಲೆಯೂ ಆಕೆ ಬಹುಕಾಲ ಉದ್ಯೋಗಿಯಾಗಿ ಕಾಣಿಸಿಕೊಂಡಿಲ್ಲ. ಸಂಬಂಧವೊಂದರ ಪ್ರತಿನಿಧಿಯಾಗಿ ಕಾಣಿಸಿಕೊಂಡಿದ್ದಾಳೆ.

ಇದಕ್ಕೆ ನಿರ್ದೇಶಕರ ಅಸಡ್ಡೆಯನ್ನೋ ಪುರುಷಪ್ರಧಾನ ದೃಷ್ಟಿಯನ್ನೋ ಕಾರಣವಾಗಿ ಹೇಳಿ ಮುಗಿಸುವುದು ಈ ಬಗೆಯ ಅಧ್ಯಯನಗಳಲ್ಲಿ ರೂಢಿ. ಆ ಕಾರಣಗಳು ಸುಳ್ಳಲ್ಲ. ಆದರೆ ಅವುಗಳಿಗಿಂತ ಮೂಲಭೂತವಾದ ತೊಡಕೊಂದು ಮಾಧ್ಯಮದಲ್ಲಿಯೇ ಇದೆ. ಶಸ್ತ್ರಚಿಕಿತ್ಸಕನ ಕೆಲಸ ಒಂದು ಘಟನೆ: ಕೆಂಪು ದೀಪ ಹೊತ್ತುತ್ತದೆ, ಬಾಗಿಲು ತೆರೆಯುತ್ತದೆ, ಉಳಿದನೋ ಇಲ್ಲವೋ ಎಂಬುದು ತಿಳಿಯುತ್ತದೆ. ದಾದಿಯ ಕೆಲಸದ ಫಲವಿರುವುದು ಘಟಿಸದೆ ಹೋದುದರಲ್ಲಿ. ಬೆನ್ನಿಗೆ ಹಾಸಿಗೆಹುಣ್ಣು ಆಗಲಿಲ್ಲ, ಗಾಯ ಕೀವುಗಟ್ಟಲಿಲ್ಲ, ತಪ್ಪು ಔಷಧ ನರಕ್ಕೆ ಇಳಿಯಲಿಲ್ಲ, ಪಕ್ಕದ ಹಾಸಿಗೆಗೆ ಸೋಂಕು ದಾಟಲಿಲ್ಲ. ಎರಡು ಗಂಟೆಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವ ಕೆಲಸ ಎಷ್ಟು ಕುಶಲವಾದುದೋ ಅಷ್ಟೇ ಅದೃಶ್ಯವಾದುದು. ಘಟನೆಗಳಿಂದಲೇ ಉಸಿರಾಡುವ ಚಿತ್ರಕಥೆ ಈ ಅಭಾವವನ್ನು ತೋರಿಸುವ ದಾರಿ ಕಾಣದೆ ಅದರ ಜಾಗದಲ್ಲಿ ಪ್ರೇಮವನ್ನೋ ತ್ಯಾಗವನ್ನೋ ತಂದು ನಿಲ್ಲಿಸಿತು. ಆರೈಕೆಯು ಅನುರಾಗವಾಗಿ ಅನುವಾದಗೊಂಡ ಈ ಪ್ರಕ್ರಿಯೆಯನ್ನೂ, ಈಚಿನ ಕೆಲವು ಚಿತ್ರಗಳು ಆ ಅನುವಾದವನ್ನು ಹಿಂದಕ್ಕೆ ಪಡೆಯಲು ಯತ್ನಿಸಿರುವುದನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಅನುವಾದದ ಅತ್ಯಂತ ಸಂಪೂರ್ಣ ಮಾದರಿ ಆಶುತೋಷ್ ಮುಖೋಪಾಧ್ಯಾಯರ 'ನರ್ಸ್ ಮಿತ್ರ' ಎಂಬ ಬಂಗಾಳಿ ಕಥೆಯಿಂದ ಹುಟ್ಟಿದ ಚಿತ್ರಪರಂಪರೆ. ಅಸಿತ್ ಸೇನ್ ಇದನ್ನು 1959ರಲ್ಲಿ ಸುಚಿತ್ರಾ ಸೇನ್ ಅಭಿನಯದಲ್ಲಿ 'ದೀಪ್ ಜ್ವೇಲೆ ಜಾಯ್' ಎಂದು ಬಂಗಾಳಿಯಲ್ಲಿ ನಿರ್ಮಿಸಿದರು. ಮರುವರ್ಷ ಸಾವಿತ್ರಿ ಅಭಿನಯದ ತೆಲುಗು ಚಿತ್ರ 'ಚಿವರಕು ಮಿಗಿಲೇದಿ' ಬಂದಿತು. 1969ರಲ್ಲಿ ಅಸಿತ್ ಸೇನ್ ಅವರೇ ವಹೀದಾ ರೆಹಮಾನ್ ಅವರನ್ನು ಮುಖ್ಯಪಾತ್ರದಲ್ಲಿರಿಸಿ 'ಖಾಮೋಶಿ' ಎಂಬ ಹೆಸರಿನಲ್ಲಿ ಹಿಂದಿಗೆ ತಂದರು. ಹತ್ತು ವರ್ಷಗಳ ಅವಧಿಯಲ್ಲಿ ಮೂರು ಭಾಷೆಗಳು ಒಂದೇ ದಾದಿಯ ಕಥೆಯನ್ನು ಬಯಸಿದವು ಎಂಬುದೇ ಅದರ ಆಕರ್ಷಣೆಗೆ ಸಾಕ್ಷಿ.

'ಖಾಮೋಶಿ'ಯ ಕಥೆ ಹಲವರಿಗೆ ಪರಿಚಿತ. ಮಾನಸಿಕ ಚಿಕಿತ್ಸಾಲಯವೊಂದರ ಮುಖ್ಯಸ್ಥನಾದ, ಎರಡನೆಯ ಮಹಾಯುದ್ಧವನ್ನು ಕಂಡ ಕರ್ನಲ್ ವೈದ್ಯನಿಗೆ ಒಂದು ಸಿದ್ಧಾಂತವಿದೆ. ಉನ್ಮಾದಕ್ಕೆ ತುತ್ತಾದ ಯುವಕನಿಗೆ ತಾಯಿಯ ಮಮತೆ, ಪ್ರೇಯಸಿಯ ಒಲವು ಎರಡನ್ನೂ ಒಬ್ಬಳೇ ಹೆಣ್ಣು ನೀಡಿದರೆ ಆತ ಗುಣಮುಖನಾಗುತ್ತಾನೆ ಎಂಬುದು ಆ ಸಿದ್ಧಾಂತ. ರಾಧಾ ಎಂಬ ದಾದಿಯ ಮೇಲೆ ಈ ಹೊಣೆ ಬೀಳುತ್ತದೆ. ಅವಳ ಆರೈಕೆಯಿಂದ ದೇವ್ ಎಂಬ ರೋಗಿ ಗುಣವಾಗಿ ಹೊರಟುಹೋಗುತ್ತಾನೆ. ಅವನನ್ನು ನಿಜವಾಗಿಯೂ ಪ್ರೀತಿಸಿದ್ದ ರಾಧಾ ಉಳಿಯುತ್ತಾಳೆ. ಅರುಣ್ ಎಂಬ ಮತ್ತೊಬ್ಬ ರೋಗಿ ಬಂದಾಗ ಅವಳು ಮೊದಲು ನಿರಾಕರಿಸುತ್ತಾಳೆ, ಆಮೇಲೆ ಒಪ್ಪುತ್ತಾಳೆ. ಅರುಣ್ ಚೇತರಿಸಿಕೊಳ್ಳುವ ಹೊತ್ತಿಗೆ ರಾಧಾಳ ಮನಸ್ಸು ಕದಡಿ, ಅವಳು ಆರೈಕೆ ಮಾಡಿದ 24ನೆಯ ಸಂಖ್ಯೆಯ ಅದೇ ಕೋಣೆಗೆ ಅವಳನ್ನೇ ರೋಗಿಯಾಗಿ ಒಯ್ಯುತ್ತಾರೆ. ತಾನು ಎಂದೂ ನಟಿಸಿರಲಿಲ್ಲ, ನಟಿಸುವುದು ತನ್ನಿಂದ ಆಗದು ಎಂಬರ್ಥದ ಅವಳ ಮಾತು ಚಿತ್ರದ ಕೊನೆಯ ಭಾಗದಲ್ಲಿ ಬರುತ್ತದೆ. ತಾನು ಅವಳಲ್ಲಿನ ದಾದಿಯನ್ನು ಮಾತ್ರ ಕಂಡೆ, ಹೆಣ್ಣನ್ನು ಕಾಣಲಿಲ್ಲ ಎಂದು ಕರ್ನಲ್ ಪರಿತಪಿಸುತ್ತಾನೆ.

ಈ ಚಿತ್ರವನ್ನು ತ್ಯಾಗಮಯಿ ಹೆಣ್ಣೊಬ್ಬಳ ದುರಂತವೆಂದು ಓದುವುದು ವಾಡಿಕೆ. ಹಾಗೆ ಓದಲು ಚಿತ್ರವೇ, ವಿಶೇಷವಾಗಿ ಹೇಮಂತ್ ಕುಮಾರರ ಸಂಗೀತ, ಪ್ರೇರೇಪಿಸುತ್ತದೆ. ಆದರೆ ಕಥೆಯ ಸಂವಿಧಾನವನ್ನು ನಿಧಾನವಾಗಿ ನೋಡಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ. ಇಲ್ಲಿ ಒಂದು ಪ್ರಯೋಗವಿದೆ, ಪ್ರಯೋಗದ ಯಜಮಾನನಿದ್ದಾನೆ, ಪ್ರಯೋಗವನ್ನು ತನ್ನ ದೇಹ ಮನಸ್ಸುಗಳಿಂದ ನಡೆಸಿಕೊಡುವ ನೌಕರಳಿದ್ದಾಳೆ. ಫಲಿತಾಂಶದ ಕೀರ್ತಿ ವೈದ್ಯವಿಜ್ಞಾನಕ್ಕೆ. ಅದರ ವೆಚ್ಚ ದಾದಿಗೆ. ಆಕೆ ಒಲ್ಲೆನೆಂದುದು ಒಬ್ಬ ಪ್ರೇಯಸಿಯ ಮುನಿಸಲ್ಲ. ಅಪಾಯಕಾರಿ ಕೆಲಸವೊಂದನ್ನು ಮತ್ತೆ ಮಾಡಲಾರೆನೆಂಬ ದುಡಿಯುವವಳ ಮಾತು. ಆ ಮಾತನ್ನು ಆಲಿಸುವ ಯಾವ ವ್ಯವಸ್ಥೆಯೂ ಆ ಆಸ್ಪತ್ರೆಯಲ್ಲಿಲ್ಲ. ಕರ್ನಲ್ ಅವಳನ್ನು ಮಗಳೆಂದು ಕರೆಯುತ್ತಾನೆ. ಮಗಳಿಗೆ ಆಜ್ಞೆ ಮಾಡಬಹುದು, ನೌಕರಳೊಡನೆ ಷರತ್ತು ಮಾತಾಡಬೇಕಾಗುತ್ತದೆ. ಆತನ ಕೊನೆಯ ಪಶ್ಚಾತ್ತಾಪವೂ ಈ ದೃಷ್ಟಿಯಿಂದ ತಲೆಕೆಳಗಾದುದು. ಆತ ಕಾಣದೆ ಹೋದುದು ಹೆಣ್ಣನ್ನಲ್ಲ. ಪ್ರಯೋಗವಿಡೀ ನಿಂತದ್ದೇ ಅವಳ ಹೆಣ್ತನದ ಮೇಲೆ. ಆತ ಕಾಣದೆ ಹೋದುದು ದಾದಿಯನ್ನೇ, ಅಂದರೆ ದಣಿವು, ಮಿತಿ, ವಿಶ್ರಾಂತಿಯ ಹಕ್ಕುಗಳಿರುವ ವೃತ್ತಿನಿರತಳನ್ನು. 1962ರ ಯುದ್ಧಕಾಲದಲ್ಲಿ ಲಡಾಖಿನಲ್ಲಿ ಗಾಯಾಳು ಸೈನಿಕರ ನಡುವೆ ರಾಧಾ ದುಡಿದಿದ್ದಳೆಂಬುದು ಚಿತ್ರದಲ್ಲಿ ಹಿನ್ನೋಟವಾಗಿ ಸುಳಿದು ಹೋಗುತ್ತದೆ. ಗಾಯ ಕಟ್ಟಿದ ಆ ಕೈಗಳು ಸ್ಮೃತಿಯಾಗುತ್ತವೆ. ಕಿಟಕಿಯ ಬಳಿ ನಿಂತ ಮುಖ ಚಿತ್ರವಾಗುತ್ತದೆ.

'ಖಾಮೋಶಿ' ದೊಡ್ಡ ಚಿತ್ರವೆನಿಸುವುದು ತನ್ನ ತರ್ಕವನ್ನು ಅದರ ಭೀಕರ ಕೊನೆಯವರೆಗೂ ಒಯ್ಯುವ ಧೈರ್ಯ ಅದಕ್ಕೆ ಇರುವುದರಿಂದ. ಆರೈಕೆಯೇ ಅನುರಾಗವೆಂದು ನಂಬಿದರೆ ಆರೈಕೆ ಮಾಡುವವಳು ಏನಾಗುತ್ತಾಳೆಂಬುದನ್ನು ಅದು ಮರೆಮಾಚುವುದಿಲ್ಲ. ಇಂಥ ಧೈರ್ಯವಿಲ್ಲದ ಚಿತ್ರಗಳು ಅದೇ ನಂಬಿಕೆಯನ್ನು ಅಲಂಕಾರವಾಗಿ ಬಳಸಿದವು. ಕಿಶೋರ್ ಸಾಹು ನಿರ್ದೇಶನದ 'ದಿಲ್ ಅಪ್ನಾ ಔರ್ ಪ್ರೀತ್ ಪರಾಯಿ' (1960) ಚಿತ್ರದಲ್ಲಿ ಮೀನಾಕುಮಾರಿ ಅಭಿನಯಿಸಿದ ದಾದಿಯ ಹೆಸರೇ ಕರುಣಾ. ಶಸ್ತ್ರವೈದ್ಯನೊಡನೆ ಅವಳ ಮೌನಪ್ರೇಮ, ಋಣಭಾರದಿಂದ ಆತ ಮಾಡಿಕೊಳ್ಳುವ ಬೇರೊಂದು ಮದುವೆ, ಹೆಂಡತಿಯ ಅಸೂಯೆ ಇವುಗಳೇ ಕಥೆ. ಆಸ್ಪತ್ರೆ ಆ ಮೌನಕ್ಕೆ ಒದಗಿದ ಬಿಳಿಯ ಹಿನ್ನೆಲೆ. ಹೃಷೀಕೇಶ್ ಮುಖರ್ಜಿಯವರ 'ಆನಂದ್' (1971) ಚಿತ್ರದಲ್ಲಿ ಲಲಿತಾ ಪವಾರ್ ಅಭಿನಯಿಸಿದ ಮೇಟ್ರನ್ ಡಿಸಾ ಪ್ರೇಯಸಿಯಾಗುವ ವಯಸ್ಸು ದಾಟಿದವಳು, ಹಾಗಾಗಿ ತಾಯಿಯಾಗುತ್ತಾಳೆ. ಶಿಸ್ತಿನ ಗಡಸುತನದಿಂದ ಆರಂಭಗೊಂಡು ಕಣ್ಣೀರಿನ ಮಮತೆಯಲ್ಲಿ ಕೊನೆಗೊಳ್ಳುವ ಈ ಪಾತ್ರ ಮನಸ್ಸನ್ನು ತಟ್ಟುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಶಿಸ್ತು ಎಂಬುದು ಆಸ್ಪತ್ರೆಯಲ್ಲಿ ಜೀವ ಉಳಿಸುವ ಜ್ಞಾನವೆಂಬುದು ಅಲ್ಲಿ ಮರೆಯಾಗಿ, ಅದು ಕರಗಬೇಕಾದ ಕಠೋರತೆಯಾಗಿ ಉಳಿಯುತ್ತದೆ. ಪ್ರೇಯಸಿಯೂ ಅಲ್ಲದ, ತಾಯಿಯೂ ಅಲ್ಲದ ದಾದಿಗೆ ಜನಪ್ರಿಯ ಚಿತ್ರಗಳು ಕೊಟ್ಟ ಮೂರನೆಯ ಸ್ಥಾನ ಹಾಸ್ಯಪ್ರಸಂಗದ್ದು. ಬಿಗಿಯಾದ ಸಮವಸ್ತ್ರ, ದೊಡ್ಡ ಸೂಜಿ, ರೋಗಿಯ ಚೇಷ್ಟೆ ಇವುಗಳ ಬಗ್ಗೆ ಹೆಚ್ಚು ಬರೆಯಲು ಏನೂ ಇಲ್ಲ.

ಕನ್ನಡ ಚಿತ್ರಗಳ ಸಂಗತಿ ಸ್ವಲ್ಪ ಭಿನ್ನ. ಕನ್ನಡದ ಮುಖ್ಯಪ್ರವಾಹದಲ್ಲಿ ದಾದಿ ಕಥಾನಾಯಕಿಯಾಗುವುದು ಅಪರೂಪ. ಆಸ್ಪತ್ರೆ ಮಾತ್ರ ಅಪರೂಪವಲ್ಲ. ಉಷಾ ನವರತ್ನರಾಂ ಅವರ ಕಾದಂಬರಿಗಳನ್ನು ಆಧರಿಸಿದ 'ಹೊಂಬಿಸಿಲು' (1978) ಮತ್ತು 'ಬಂಧನ' (1984) ಎರಡರಲ್ಲಿಯೂ ನಾಯಕಿ ವೈದ್ಯೆ. ಮರೆವಿನ ರೋಗಕ್ಕೆ ತುತ್ತಾದ ವೃದ್ಧನನ್ನು ಕುರಿತ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ಚಿತ್ರದ ಆರೈಕೆಯ ಕೇಂದ್ರದಲ್ಲಿ, ಆತನ ದೈನಂದಿನ ಬದುಕಿನೊಡನೆ ನಂಟಿರುವ ಯುವತಿಯೂ ವೈದ್ಯೆಯೇ. ಮಹಿಳಾ ಕಾದಂಬರಿಯ ಓದುಗ ವರ್ಗ, ಅದೇ ವರ್ಗವನ್ನು ನೆಚ್ಚಿದ ಕೌಟುಂಬಿಕ ಚಿತ್ರ, ಇವೆರಡಕ್ಕೂ ವಿದ್ಯಾವಂತ ಹೆಣ್ಣಿನ ಆದರ್ಶವೆಂದರೆ ಸ್ಟೆತಸ್ಕೋಪು ಧರಿಸಿದವಳು, ಬೆಡ್‌ಪ್ಯಾನು ಹಿಡಿದವಳಲ್ಲ. ಇದರ ಹಿಂದೆ ಜಾತಿಯ ಲೆಕ್ಕಾಚಾರವಿದೆ. ಅಪರಿಚಿತ ಗಂಡಸಿನ ಮೈ ಮುಟ್ಟುವುದು, ಮಲಮೂತ್ರ ರಕ್ತಗಳನ್ನು ಎತ್ತುವುದು, ರಾತ್ರಿ ಮನೆಯ ಹೊರಗೆ ದುಡಿಯುವುದು ಈ ಮೂರನ್ನೂ ಮಡಿವಂತ ಸಮಾಜ ಹೆಣ್ಣಿಗೆ ನಿಷೇಧಿಸಿತ್ತು. ಆದುದರಿಂದಲೇ ಭಾರತದಲ್ಲಿ ಈ ವೃತ್ತಿ ಮಿಶನ್ ಆಸ್ಪತ್ರೆಗಳಲ್ಲಿ ಬೇರೂರಿ, ಬಹುಕಾಲ ಕ್ರೈಸ್ತ ಹೆಣ್ಣುಮಕ್ಕಳನ್ನೇ, ಮುಖ್ಯವಾಗಿ ಕೇರಳದವರನ್ನು, ಅವಲಂಬಿಸಿತು. ತೆರೆಯ ಮೇಲಿನ ಮೇಟ್ರನ್‌ಗೆ ಡಿಸಾ ಎಂಬಂಥ ಹೆಸರಿರುವುದು ಆಕಸ್ಮಿಕವಲ್ಲ. ವೈದ್ಯನಿಗೂ ಅದೇ ರಕ್ತ ತಗಲುತ್ತದೆ. ಆದರೆ ಆತನ ಸ್ಪರ್ಶವನ್ನು ಜ್ಞಾನ ಶುದ್ಧಗೊಳಿಸುತ್ತದೆ ಎಂಬ ನಂಬಿಕೆ ಸಮಾಜದ್ದು.

ಆದರೂ ಆರೈಕೆ ಮತ್ತು ಅನುರಾಗಗಳನ್ನು ಬಿಡಿಸಿ ನೋಡುವ ಕೆಲಸವನ್ನು ಕನ್ನಡ ಚಿತ್ರವೊಂದು 'ಖಾಮೋಶಿ'ಗಿಂತ ಎರಡು ವರ್ಷ ಮೊದಲೇ ಮಾಡಿತ್ತು. ಅಲ್ಲಿ ದಾದಿಯೇ ಇಲ್ಲದಿರುವುದರಿಂದ ಈ ಚರ್ಚೆಯಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 'ಬೆಳ್ಳಿ ಮೋಡ' (1967) ಚಿತ್ರದಲ್ಲಿ ಮೋಹನ್ ಇಂದಿರೆಯ ತಂದೆಯ ಹಣದಿಂದ ಅಮೆರಿಕಕ್ಕೆ ಹೋಗಿ ಓದಿ ಬಂದವನು. ಆಸ್ತಿಗೆ ಗಂಡು ವಾರಸುದಾರ ಹುಟ್ಟಿದ ಮೇಲೆ ನಿಶ್ಚಯವಾಗಿದ್ದ ಮದುವೆಯಲ್ಲಿ ಅವನ ಆಸಕ್ತಿ ಇಳಿಯುತ್ತದೆ. ಮುಂದೆ ಅವನು ಅಪಘಾತಕ್ಕೊಳಗಾಗಿ ಹಾಸಿಗೆ ಹಿಡಿದಾಗ ಇಂದಿರೆ ನಿಷ್ಠೆಯಿಂದ ಉಪಚರಿಸುತ್ತಾಳೆ. ಗುಣವಾದ ಮೋಹನ್ ಆ ಉಪಚಾರವನ್ನು ಒಲವೆಂದೇ ಓದಿಕೊಂಡು ಮದುವೆಗೆ ಮುಂದಾಗುತ್ತಾನೆ. ಇಂದಿರೆ ನಿರಾಕರಿಸುತ್ತಾಳೆ. ಈ ನಿರಾಕರಣೆಯನ್ನು ಸ್ವಾಭಿಮಾನದ ಪ್ರಶ್ನೆಯಾಗಿ ವಿಮರ್ಶಕರು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಅದು ಮತ್ತೊಂದನ್ನೂ ಹೇಳುತ್ತದೆ: ಗಾಯಗೊಂಡವನನ್ನು ನೋಡಿಕೊಳ್ಳುವುದು ಒಂದು, ಅವನನ್ನು ವರಿಸುವುದು ಮತ್ತೊಂದು. ಮೋಹನನ ತಪ್ಪು ಓದು ಮತ್ತು 'ಖಾಮೋಶಿ'ಯ ಕರ್ನಲ್‌ನ ಸಿದ್ಧಾಂತ ಒಂದೇ ಬೇರಿನವು. ಕಲ್ಪನಾ ಅವರ ಇಂದಿರೆಗೆ ಈ ತಪ್ಪನ್ನು ತಪ್ಪೆಂದು ಹೇಳುವ ಅವಕಾಶ ದೊರೆತುದು ಆಕೆ ಆ ಮನೆಯ ಮಗಳಾಗಿದ್ದರಿಂದ. ಸಂಬಳ ಪಡೆಯುವ ರಾಧಾಳಿಗೆ ಆ ಅವಕಾಶವಿರಲಿಲ್ಲ ಎಂಬುದು ವಿಚಿತ್ರವಾದರೂ ನಿಜ.

ತೆರೆಯ ಕಥೆಗಳ ನಡುವೆ ನಿಜಜೀವನದ ಪ್ರಸಂಗವೊಂದನ್ನು ಇಲ್ಲಿ ನೆನೆಯಬೇಕಾಗಿದೆ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಬಳಿಯ ಹಳದೀಪುರದಿಂದ ಮುಂಬಯಿಗೆ ಹೋಗಿ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಅಮಾನುಷ ಹಲ್ಲೆ ನಡೆಸಿದ. ಮಿದುಳಿಗೆ ಪೆಟ್ಟಾಗಿ ಪ್ರಜ್ಞೆ ಕಳೆದುಕೊಂಡ ಆಕೆ 2015ರ ಮೇ 18ರಂದು ನಿಧನರಾಗುವವರೆಗೆ, ಅಂದರೆ 41 ವರ್ಷಗಳಿಗೂ ಮೀರಿ, ಆ ಆಸ್ಪತ್ರೆಯಲ್ಲಿಯೇ ಇದ್ದರು. ಪಿಂಕಿ ವಿರಾನಿ ಸಲ್ಲಿಸಿದ್ದ ಅರ್ಜಿಯ ಮೇಲೆ 2011ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ನಿಷ್ಕ್ರಿಯ ದಯಾಮರಣದ ಚರ್ಚೆಯಲ್ಲಿ ಮುಖ್ಯವಾದುದು. ಅದಕ್ಕೆ ಇನ್ನೊಂದು ಮುಖವೂ ಇದೆ. ಅರುಣಾ ಅವರ ಪರವಾಗಿ ನಿರ್ಧರಿಸುವ ಆಪ್ತಸ್ಥಾನ ಯಾರದು ಎಂಬ ಪ್ರಶ್ನೆಗೆ ನ್ಯಾಯಾಲಯ ಕೊಟ್ಟ ಉತ್ತರ, ದಶಕಗಳ ಕಾಲ ಆಕೆಯನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದು ಎಂಬುದಾಗಿತ್ತು. ಅಷ್ಟು ವರ್ಷ ಹಾಸಿಗೆಯಲ್ಲಿದ್ದರೂ ಆಕೆಯ ಮೈಮೇಲೆ ಹಾಸಿಗೆಹುಣ್ಣು ಆಗಿರಲಿಲ್ಲವೆಂಬುದು ಆ ಸಂದರ್ಭದಲ್ಲಿ ವಿಶೇಷವಾಗಿ ಉಲ್ಲೇಖಗೊಂಡಿತು.

ಈ ಕಥನವನ್ನು ಚಿತ್ರಕಥೆಯಾಗಿ ಕಲ್ಪಿಸಿಕೊಂಡರೆ ರೂಢಿಯ ಸಿನಿಮಾ ಯಾವ ದೃಶ್ಯಗಳನ್ನು ಆರಿಸಿಕೊಂಡೀತೆಂದು ಊಹಿಸುವುದು ಕಷ್ಟವಲ್ಲ. ಹಲ್ಲೆಯ ರಾತ್ರಿ, ನ್ಯಾಯಾಲಯ, ಮರಣ. ನಡುವಿನ ನಾಲ್ಕು ದಶಕಗಳು 'ವರ್ಷಗಳ ನಂತರ' ಎಂಬ ಒಂದು ಅಕ್ಷರಫಲಕದಲ್ಲಿ ಮುಗಿಯುತ್ತವೆ. ಆದರೆ ಆ ಕಥೆಯ ಸತ್ವವಿರುವುದು ಆ ಫಲಕದಲ್ಲಿಯೇ. ಒಂದು ತಲೆಮಾರಿನ ದಾದಿಯರು ನಿವೃತ್ತರಾಗಿ ಮುಂದಿನವರು ಬಂದರು. ಬಂದವರಲ್ಲಿ ಬಹುಪಾಲು ಜನ ಆಕೆಯ ಮಾತನ್ನು ಎಂದೂ ಕೇಳಿದವರಲ್ಲ. ಅವರನ್ನು ಆಕೆಯೊಡನೆ ಬಂಧಿಸಿದ್ದು ಪ್ರೇಮವಲ್ಲ, ರಕ್ತಸಂಬಂಧವಲ್ಲ. ವೃತ್ತಿ ಎಂಬ ನಂಟು, ಒಬ್ಬರಿಂದೊಬ್ಬರಿಗೆ ದಾಟಿಸಿಕೊಂಡ ಪಾಳಿಯ ಕರ್ತವ್ಯ. ಘಟನೆಯ ಬಳಿಕ ಮುಂಬಯಿಯ ದಾದಿಯರು ತಮ್ಮ ಕೆಲಸದ ಸುರಕ್ಷತೆಗಾಗಿ ಮುಷ್ಕರ ಹೂಡಿದ್ದರೆಂಬುದೂ ಈ ನಂಟಿನ ಭಾಗವೇ. ಆಗದೆ ಹೋದ ಹುಣ್ಣೊಂದನ್ನು ತೋರಿಸಬಲ್ಲ ಕ್ಯಾಮರಾ ಯಾವುದು ಎಂಬುದು ಇಲ್ಲಿ ಏಳುವ ಪ್ರಶ್ನೆ.

ಈ ಪ್ರಶ್ನೆಗೆ ಅಂಶಿಕವಾಗಿಯಾದರೂ ಉತ್ತರ ಬಂದುದು ಮಲಯಾಳಂ ಚಿತ್ರಗಳಿಂದ. ಕೇರಳದ ಮಧ್ಯಮ ಹಾಗೂ ಕೆಳಮಧ್ಯಮ ವರ್ಗದ ಮನೆಗಳ ಅರ್ಥವ್ಯವಸ್ಥೆಯಲ್ಲಿ ದಾದಿಯ ಸಂಬಳ, ಶಿಕ್ಷಣಸಾಲ, ವೀಸಾ ಇವು ದಿನಬಳಕೆಯ ಮಾತುಗಳಾಗಿರುವುದರಿಂದ ಅಲ್ಲಿನ ಪ್ರೇಕ್ಷಕನಿಗೆ ನರ್ಸ್ ಎಂದರೆ ಮೊದಲು ಹೊಳೆಯುವುದು ಬಿಳಿಯ ಸಮವಸ್ತ್ರದ ಮೌನವಲ್ಲ, ಬ್ಯಾಂಕಿನ ಕಂತು. 2011–12ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳಲ್ಲಿ ಕನಿಷ್ಠ ವೇತನಕ್ಕಾಗಿಯೂ, ಮೂಲ ಪ್ರಮಾಣಪತ್ರಗಳನ್ನು ಒತ್ತೆಯಿಟ್ಟುಕೊಳ್ಳುವ ಕರಾರುಗಳ ವಿರುದ್ಧವೂ ಮುಷ್ಕರಗಳು ನಡೆದವು. ಸರ್ವೋಚ್ಚ ನ್ಯಾಯಾಲಯದ ಸೂಚನೆಯಂತೆ ರಚನೆಯಾದ ತಜ್ಞರ ಸಮಿತಿ 2016ರಲ್ಲಿ ಖಾಸಗಿ ಆಸ್ಪತ್ರೆಗಳ ದಾದಿಯರಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ವೇತನವಿರಬೇಕೆಂದು ಶಿಫಾರಸು ಮಾಡಿತು. ಇದೇ ಕಾಲಮಾನದಲ್ಲಿ ಬಂದ ಚಿತ್ರಗಳನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲಾಗದು.

ಆಶಿಕ್ ಅಬು ನಿರ್ದೇಶನದ '22 ಫೀಮೇಲ್ ಕೋಟ್ಟಯಂ' (2012) ನಡೆಯುವುದು ಬೆಂಗಳೂರಿನಲ್ಲಿ. ಕೇರಳದ ಹೆಣ್ಣುಮಕ್ಕಳು ನರ್ಸಿಂಗ್ ಕಲಿಯಲು ಬಂದು ಸೇರುವ ಕರ್ನಾಟಕದ ರಾಜಧಾನಿ ಅಲ್ಲಿ ಕಾಣುವುದು ಉದ್ಯಾನಗಳ ನಗರವಾಗಿ ಅಲ್ಲ. ಬಾಡಿಗೆಯ ಕೋಣೆ, ರಾತ್ರಿಪಾಳಿ, ವೀಸಾ ಏಜೆನ್ಸಿಗಳ ಕೂಡುದಾರಿಯಾಗಿ. ಕೆನಡಾಕ್ಕೆ ಹೋಗಬೇಕೆಂದಿರುವ ಟೆಸ್ಸಾ ನಂಬಿದವನಿಂದಲೇ ವಂಚಿತಳಾಗುತ್ತಾಳೆ. ಅವಳ ಮೇಲೆ ಅತ್ಯಾಚಾರ ಎಸಗುವ ಶ್ರೀಮಂತನಿಗೆ ಚಿತ್ರ ಇಟ್ಟ ಹೆಸರು ಹೆಗ್ಡೆ. ಕನ್ನಡದ ಓದುಗರು ಈ ಹೆಸರಿನ ಮುಂದೆ ಒಂದು ಕ್ಷಣ ನಿಲ್ಲುವುದು ಒಳ್ಳೆಯದು: ಕಲಿಯಲು, ದುಡಿಯಲು ಬಂದವಳ ಕಣ್ಣಿಗೆ ಆತಿಥೇಯ ನಗರ ಹೇಗೆ ಕಂಡಿತೆಂಬುದರ ಸೂಚನೆ ಅದು. ಚಿತ್ರದ ಉತ್ತರಾರ್ಧದ ಸೇಡಿನ ಕಥೆ ವಿವಾದಾಸ್ಪದವಾಯಿತು. ಆದರೆ ಅರಿವಳಿಕೆ ನೀಡಿ ಅವಳು ನಡೆಸುವ ಶಸ್ತ್ರಕ್ರಿಯೆ ಪ್ರತೀಕಾರವಷ್ಟೇ ಆಗಿರದೆ, ದಾದಿಗೆ ದೇಹವಿಜ್ಞಾನ ತಿಳಿದಿದೆ ಎಂಬುದನ್ನು ಭಾರತೀಯ ತೆರೆ ಒಪ್ಪಿಕೊಂಡ ಅಪರೂಪದ ಗಳಿಗೆಯೂ ಹೌದು. ಜ್ಞಾನವಾಗಿ ಗುರುತಿಸಿಕೊಳ್ಳಲು ಅವಳ ಕೌಶಲ ಮೊದಲು ಹಿಂಸೆಯಾಗಬೇಕಾಯಿತು ಎಂಬುದು ಕಹಿಯಾದ ಮಾತು.

2014ರ ಬೇಸಿಗೆಯಲ್ಲಿ ಇರಾಕಿನ ತಿಕ್ರಿತ್ ನಗರದ ಆಸ್ಪತ್ರೆಯಲ್ಲಿ ಸಿಲುಕಿದ್ದ 46 ಭಾರತೀಯ ದಾದಿಯರು ಜುಲೈ 5ರಂದು ಕೊಚ್ಚಿಗೆ ಮರಳಿದರು. ಈ ಪ್ರಸಂಗ 2017ರಲ್ಲಿ ಎರಡು ಚಿತ್ರಗಳಿಗೆ ಆಧಾರವಾಯಿತು. ಹಿಂದಿಯ 'ಟೈಗರ್ ಜಿಂದಾ ಹೈ' ಚಿತ್ರದಲ್ಲಿ ಭಾರತದ 25, ಪಾಕಿಸ್ತಾನದ 15 ದಾದಿಯರಿದ್ದಾರೆ, ಸಂಖ್ಯೆಯಾಗಿ ಇದ್ದಾರೆ. ಅವರ ಬಂಧನ ಇಬ್ಬರು ಗೂಢಚಾರರ ಸಾಹಸಕ್ಕೆ ಒದಗಿದ ನೆಪ. ಮಹೇಶ್ ನಾರಾಯಣನ್ ಅವರ 'ಟೇಕ್ ಆಫ್' ಅದೇ ಘಟನೆಯನ್ನು ಬೇರೊಂದು ಪ್ರಶ್ನೆಯಿಂದ ಆರಂಭಿಸುತ್ತದೆ: ಇಂಥ ದೇಶಕ್ಕೆ ಒಬ್ಬ ಹೆಣ್ಣು ಏಕೆ ಹೋಗುತ್ತಾಳೆ? ಪಾರ್ವತಿ ಅಭಿನಯಿಸಿದ ಸಮೀರಾ ವಿಚ್ಛೇದಿತೆ. ತವರಿನ ಸಾಲ ಅವಳ ಹೆಗಲ ಮೇಲಿದೆ. ಮಗ ಹಳೆಯ ಗಂಡನ ಮನೆಯಲ್ಲಿದ್ದಾನೆ. ಎರಡನೆಯ ಮದುವೆಯಿಂದ ಅವಳು ಗರ್ಭಿಣಿ. ಸೊಸೆ ದುಡಿಯಬಾರದೆನ್ನುವ ಮನೆ ಒಂದು ಕಡೆ, ಮಗಳು ದುಡಿದೇ ತೀರಬೇಕೆನ್ನುವ ಮನೆ ಇನ್ನೊಂದು ಕಡೆ. ಇಲ್ಲಿ ದಾದಿಯ ಮುಖದ ಮೇಲಿನ ಚಿಂತೆಗೆ ಪ್ರೇಮ ಕಾರಣವಲ್ಲ; ಸಾಲದ ಬಾಕಿ ಕಾರಣ. ಸಮೀರಾ ಸದಾ ಸಿಡುಕುತ್ತಾಳೆ; ಅವಳನ್ನು ಇಷ್ಟಪಡಬೇಕೆಂದು ಚಿತ್ರ ಪ್ರೇಕ್ಷಕರನ್ನು ಬೇಡುವುದಿಲ್ಲ. ಕರುಣಾ ಎಂಬ ಹೆಸರಿನಿಂದ ಇಲ್ಲಿಗೆ ಬರಲು ಐವತ್ತೇಳು ವರ್ಷಗಳು ಹಿಡಿದವು. ಆದರೂ ಉತ್ತರಾರ್ಧದಲ್ಲಿ ಚಿತ್ರ ರಾಜತಾಂತ್ರಿಕ ಅಧಿಕಾರಿಯ ಕೈಗೆ ಸೇರಿ, ದಾದಿಯರು ಮತ್ತೆ ಬಸ್ಸಿನ ಕಿಟಕಿಯ ಹಿಂದಿನ ಮುಖಗಳಾಗುತ್ತಾರೆ ಎಂಬುದನ್ನು ಗಮನಿಸದಿರಲಾಗದು. ಹೊರಡುವ ಕಾರಣವನ್ನು ಅಷ್ಟು ನಿಖರವಾಗಿ ಕಂಡ ಚಿತ್ರ ಪಾರಾಗುವ ಬಗೆಯನ್ನು ಅಷ್ಟೇ ನಿಖರವಾಗಿ ಕಾಣಲಿಲ್ಲ.

'ಹೆಲೆನ್' (2019) ಚಿತ್ರದ ನಾಯಕಿ ನರ್ಸಿಂಗ್ ಪದವೀಧರೆ. ಕೆನಡಾದ ದಾರಿ ಕಾಯುತ್ತ ಕೋಳಿಮಾಂಸದ ಉಪಾಹಾರ ಗೃಹದಲ್ಲಿ ಕೆಲಸ ಮಾಡುತ್ತಾಳೆ. ಈ ಒಂದು ವಿವರ ಹಲವು ವರದಿಗಳಿಗಿಂತ ಹೆಚ್ಚು ಹೇಳುತ್ತದೆ. ಅದೇ ವರ್ಷದ 'ವೈರಸ್' 2018ರ ನಿಪಾ ಸೋಂಕಿನ ಕಾಲದ ಕೋಳಿಕ್ಕೋಡನ್ನು ಚಿತ್ರಿಸುತ್ತದೆ. ರೋಗಿಯಿಂದ ಸೋಂಕು ತಗಲಿ 2018ರ ಮೇ ತಿಂಗಳಲ್ಲಿ ತೀರಿಕೊಂಡ ಪೆರಾಂಬ್ರಾದ ದಾದಿ ಲಿನಿ ಅವರನ್ನು ನೆನಪಿಸುವ ಪಾತ್ರ ಅದರಲ್ಲಿದೆ. ಲಿನಿ ಅವರ ಸಾವನ್ನು ಬಲಿದಾನವೆಂದು ಮೆರೆಯಿಸಲು ಸುಲಭವಿತ್ತು. ಚಿತ್ರ ಹಾಗೆ ಮಾಡದೆ ಆ ಸಾವನ್ನು ಸೋಂಕಿನ ಸರಪಳಿಯ ಕೊಂಡಿಗಳಲ್ಲಿ ಒಂದಾಗಿ ಇಡುತ್ತದೆ. ಯಾರು ಯಾರನ್ನು ಮುಟ್ಟಿದರು ಎಂಬ ಪಟ್ಟಿಯೇ ಅಲ್ಲಿ ಕಥೆ. ಜಾತಿ ಯಾವ ಸ್ಪರ್ಶವನ್ನು ಕೀಳೆಂದಿತೋ ಅದೇ ಸ್ಪರ್ಶ ಇಲ್ಲಿ ವೈಜ್ಞಾನಿಕ ಸಾಕ್ಷ್ಯವಾಗುತ್ತದೆ.

ದೂರದರ್ಶನ ಮತ್ತು ಅಂತರ್ಜಾಲ ಸರಣಿಗಳ ಬಗ್ಗೆ ಹೇಳುವುದು ಕಡಿಮೆ. ಹಿಂದಿಯ 'ಸಂಜೀವನಿ' (2002–05), 'ದಿಲ್ ಮಿಲ್ ಗಯೇ' (2007–10) ಧಾರಾವಾಹಿಗಳು ವೈದ್ಯರ ಪ್ರೇಮಕಥೆಗಳು. ದೀರ್ಘ ಧಾರಾವಾಹಿ ಎಂಬ ರೂಪ, ನಿತ್ಯ ಪುನರಾವರ್ತನೆಯನ್ನೇ ಬಂಡವಾಳವಾಗಿಟ್ಟುಕೊಂಡ ರೂಪ, ಪಾಳಿಯ ಕೆಲಸಕ್ಕೆ ಸಿನಿಮಾಕ್ಕಿಂತ ಹೆಚ್ಚು ಹೊಂದುತ್ತಿತ್ತು ಎಂಬುದನ್ನು ನೆನೆದರೆ ಕೈತಪ್ಪಿದ ಅವಕಾಶದ ಅರಿವಾಗುತ್ತದೆ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಕಾಮಾ ಆಸ್ಪತ್ರೆಯಲ್ಲಿ ದಾದಿ ಅಂಜಲಿ ಕುಲ್ಥೆ 20 ಗರ್ಭಿಣಿಯರನ್ನು ಸುರಕ್ಷಿತ ಕೋಣೆಯೊಳಗೆ ಸೇರಿಸಿ ಕಾಪಾಡಿದರು. ಮುಂದೆ ಕಸಬ್‌ನನ್ನು ಗುರುತಿಸಿ ಸಾಕ್ಷಿ ನುಡಿದರು. ಅದೇ ರಾತ್ರಿಯನ್ನು ಆಧರಿಸಿ 2021ರಲ್ಲಿ ಬಂದ 'ಮುಂಬೈ ಡೈರೀಸ್ 26/11' ಸರಣಿಯ ಕೇಂದ್ರದಲ್ಲಿರುವುದು ಒಬ್ಬ ಶಸ್ತ್ರಚಿಕಿತ್ಸಕ. ಚರಿತ್ರೆ ದಾದಿಯನ್ನು ಮುಂದಿಟ್ಟಾಗಲೂ ಕಥನ ವೈದ್ಯನನ್ನು ಹುಡುಕಿಕೊಂಡು ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಸಾರಿದ್ದ 2020ರಲ್ಲಿಯೇ ಕೋವಿಡ್ ಬಂದುದು, ಟಿ.ವಿ. ಸುದ್ದಿವಾಹಿನಿಗಳು ಅವರಿಗಾಗಿ ಚಪ್ಪಾಳೆಯ ದೃಶ್ಯಗಳನ್ನು ಬಿತ್ತರಿಸಿದುದು ಎಲ್ಲರ ನೆನಪಿನಲ್ಲಿದೆ. ಚಪ್ಪಾಳೆಗೆ ಸಂಬಳದ ಪಟ್ಟಿ ಬೇಕಾಗುವುದಿಲ್ಲ.

ಪಾಯಲ್ ಕಪಾಡಿಯಾ ಅವರ 'ಪ್ರಭಯಾಯ್ ನಿನಚ್ಚದೆಲ್ಲಾಂ' ('ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್') 2024ರ ಕಾನ್ ಚಿತ್ರೋತ್ಸವದ ಮುಖ್ಯ ಸ್ಪರ್ಧಾವಿಭಾಗವನ್ನು ಪ್ರವೇಶಿಸಿದಾಗ ಭಾರತೀಯ ಚಿತ್ರವೊಂದು ಅಲ್ಲಿಗೆ ಹೋಗಿ 30 ವರ್ಷಗಳಾಗಿದ್ದವು. ಅದು ಗ್ರ್ಯಾಂಡ್ ಪ್ರೀ ಪಡೆಯಿತು. ಈ ಗೌರವದ ಸದ್ದಿನಲ್ಲಿ ಅದು ದಾದಿಯರನ್ನು ಕುರಿತ ಚಿತ್ರವೆಂಬ ಸರಳ ಸಂಗತಿ ಹಿಂದೆ ಸರಿಯಿತು. ಪ್ರಭಾ ಮತ್ತು ಅನು ಮುಂಬಯಿಯ ಆಸ್ಪತ್ರೆಯಲ್ಲಿ ದುಡಿಯುವ ಮಲಯಾಳಿ ದಾದಿಯರು. ಒಂದೇ ಕೋಣೆಯ ಬಾಡಿಗೆ ಹಂಚಿಕೊಂಡವರು. ಪ್ರಭಾಳ ಗಂಡ ಮದುವೆಯಾದ ಸ್ವಲ್ಪಕಾಲದಲ್ಲೇ ಜರ್ಮನಿಗೆ ಹೋದವನು, ಈಗ ಫೋನನ್ನೂ ಮಾಡುವುದಿಲ್ಲ. ಒಂದು ದಿನ ಅಲ್ಲಿಂದ ಅನ್ನ ಬೇಯಿಸುವ ಪಾತ್ರೆಯೊಂದು ಬರುತ್ತದೆ. ಚಿತ್ರದ ಮೊದಲ ಭಾಗದಲ್ಲಿ ಆಸ್ಪತ್ರೆಯ ಕೆಲಸ ಕೆಲಸವಾಗಿಯೇ ಕಾಣುತ್ತದೆ. ಪ್ರಭಾ ಕಿರಿಯರಿಗೆ ಕಲಿಸುತ್ತಾಳೆ, ಸತ್ತ ಗಂಡನನ್ನು ಕಾಣುವ ವೃದ್ಧೆಯ ಮಾತು ಕೇಳುತ್ತಾಳೆ. ಶುಶ್ರೂಷೆಯ ಆ ಮೂಲಾರ್ಥ, ಕೇಳುವ ಇಚ್ಛೆ, ಇಲ್ಲಿ ಅನಾಯಾಸವಾಗಿ ಮರಳಿ ಬಂದಿದೆ. ಅನು ಮೇಜಿನ ಹಿಂದೆ ಬೇಸರದಿಂದ ಕುಳಿತು ಸ್ಟೆತಸ್ಕೋಪನ್ನು ತನ್ನ ಎದೆಗೇ ಇಟ್ಟುಕೊಳ್ಳುತ್ತಾಳೆ. ಚಿಕ್ಕ ವಯಸ್ಸಿನಲ್ಲೇ ಹಲವು ಮಕ್ಕಳ ತಾಯಿಯಾದವಳಿಗೆ ಸದ್ದಿಲ್ಲದೆ ಗರ್ಭನಿರೋಧಕ ಮಾತ್ರೆಗಳನ್ನು ಕೊಡುತ್ತಾಳೆ. ಅಲ್ಲಿ ಏನೂ ಘಟಿಸುವುದಿಲ್ಲ. ಬೇಡದ ಒಂದು ಬಸಿರು ತಪ್ಪುತ್ತದೆ, ಅಷ್ಟೆ.

ಕೊನೆಯ ಭಾಗದಲ್ಲಿ ಕಥೆ ರತ್ನಾಗಿರಿಯ ಕಡಲತೀರದ ಹಳ್ಳಿಗೆ ಸಾಗುತ್ತದೆ. ಮನೆ ಕಳೆದುಕೊಂಡು ಊರಿಗೆ ಮರಳುವ ಆಸ್ಪತ್ರೆಯ ಅಡುಗೆಯಾಕೆ ಪಾರ್ವತಿಯನ್ನು ಬಿಟ್ಟುಬರಲು ದಾದಿಯರಿಬ್ಬರೂ ಬಂದಿದ್ದಾರೆ. ಸಮುದ್ರದಲ್ಲಿ ಮುಳುಗಿದ ಅಪರಿಚಿತನೊಬ್ಬನನ್ನು ದಡಕ್ಕೆ ತಂದಾಗ ಪ್ರಭಾ ಎದೆಯೊತ್ತಿ ಉಸಿರೂಡಿ ಅವನನ್ನು ಬದುಕಿಸುತ್ತಾಳೆ, ಗಾಯಗಳನ್ನು ತೊಳೆಯುತ್ತಾಳೆ. ಅಷ್ಟು ಆಪ್ತವಾಗಿ ಗಂಡಸಿನ ಮೈ ಮುಟ್ಟಿದವಳು ಹೆಂಡತಿಯೇ ಇರಬೇಕೆಂದು ಹಳ್ಳಿಯ ವೃದ್ಧೆ ತಿಳಿಯುತ್ತಾಳೆ. ಕರ್ನಲ್‌ನಿಂದ ಮೋಹನ್‌ವರೆಗೆ ಎಲ್ಲರೂ ಮಾಡಿದ ಅದೇ ತಪ್ಪು ಓದು ಇಲ್ಲಿಯೂ ಬಂದಿದೆ. ವ್ಯತ್ಯಾಸವಿರುವುದು ಮುಂದೆ. ಪ್ರಭಾ ಆ ತಪ್ಪನ್ನು ತಿದ್ದಲು ಹೋಗುವುದಿಲ್ಲ. ಅದನ್ನು ತನಗೆ ಬೇಕಾದಂತೆ ಬಳಸಿಕೊಳ್ಳುತ್ತಾಳೆ. ಕನಸೋ ನಿಜವೋ ಎಂದು ಹೇಳಲಾಗದ ಆ ದೃಶ್ಯದಲ್ಲಿ ಹಾಸಿಗೆಯ ಮೇಲಿನ ಅಪರಿಚಿತ ಅವಳ ಗಂಡನಾಗಿ ಮಾತನಾಡುತ್ತಾನೆ. ತನ್ನೊಡನೆ ಬಾ ಎನ್ನುತ್ತಾನೆ. ಅವನನ್ನು ಮತ್ತೆಂದೂ ನೋಡಲು ಇಷ್ಟವಿಲ್ಲವೆಂದು ಅವಳು ಹೇಳುತ್ತಾಳೆ. ಕೈಗಳು ಗಾಯದ ಮೇಲಿನ ಕೆಲಸವನ್ನು ಪೂರೈಸಿವೆ.